ಈ ಸಲ ನನ್ನ ಪಾಳಿ

ಮೊನ್ನೆ ಸಂಜೆ ಮಳೆ ಹಿಡಿಯಿತೆಂದು ಸಪ್ತಾಪುರದ ತಿರುವಿನಲ್ಲಿ ಗೋಬಿ ಮಂಚೂರಿ ಗಾಡಿಯ ತಾಡಪತ್ರಿಯ ಕೆಳಗೆ ನಿಂತಿದ್ದೆ. ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಹಾಕಿದ. ಸೊರ್ರೆಂದು ಹುಳಿ ಹೊಗೆ ಎದ್ದು ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗರು ಕೆಮ್ಮುತ್ತ ಹಿಂದೆ ಸರಿದರು. ನಾನು ಸರಿಯಲಿಲ್ಲ. ನಮ್ಮ ಮನೆಯ ಮಾಳಿಗೆಯ ವರಾಂಡದಲ್ಲಿ ಕಾಲು ಚಾಚಿ ಕೂತು, ಮಿರ್ಚಿ ಭಜಿಯ ಮೇಲೆ ವಿನೆಗರ್ ಚಿಮುಕಿಸಿಕೊಂಡು, ಕಣ್ಣಲ್ಲಿ ನೀರು ಸುರಿದರೂ ಬಿಡದೆ ತಿನ್ನುತ್ತಿದ್ದ ಜೋನ್ ಕಣ್ಣೆದುರು ಬಂದರು. ಅವರ ಹಿಂದೆಯೇ ಆ ಒಂದು ಮಳೆಗಾಲವೂ ಬಂತು.

ಕೊರೋನಾ ಕಳೆದು ಜನ ಮುಖ ಮುಚ್ಚಿಕೊಳ್ಳುವುದನ್ನು ಬಿಟ್ಟ ಮರುವರ್ಷ ಅದು. ನಾನು ಕಾಲೇಜಿನಿಂದ ನಿವೃತ್ತಳಾಗಿ ಮನೆಯ ಮುಂದಿನ ಕೋಣೆಯಲ್ಲಿ ಇಂಗ್ಲಿಷ್ ಮಾತಾಡುವ ಪಾಠ ಹೇಳುತ್ತಿದ್ದೆ. ಬರುವವರೆಲ್ಲ ಹೆಚ್ಚಾಗಿ ನರ್ಸ್ ಹುಡುಗಿಯರು. ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೋಗುವ ಆಸೆ ಅವರಿಗೆ. ನನ್ನ ಯಜಮಾನರು ಹತ್ತಿ ವ್ಯಾಪಾರದ ಮೇಲೆ ತಿಂಗಳಲ್ಲಿ ಹದಿನೈದು ದಿನ ಊರೂರು ತಿರುಗುವವರು. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ಇರುತ್ತಿದ್ದವರು ನಾನು ಮತ್ತು ನನ್ನ ಅತ್ತೆ ಗಂಗವ್ವ. ಬೆಳಿಗ್ಗೆ ಲಿಂಗಪೂಜೆ ಮುಗಿಯುವವರೆಗೆ ಹನಿ ನೀರು ಕುಡಿಯದ, ಮುಗಿದ ಮೇಲೆ ಇಡೀ ಓಣಿಯನ್ನೇ ಆಳುವ ಹೆಂಗಸು ಅವರು.

ಜೂನ್ ತಿಂಗಳಲ್ಲಿ ಮಾಳಿಗೆಗೆ ಬಾಡಿಗೆಗೆ ಬಂದವನು ಒಬ್ಬ ಇಂಗ್ಲಿಷ್ ಎಂಜಿನಿಯರ್. ನಮ್ಮ ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಿ, ಅದು ಸರಿಯಾಗಿ ಓಡುವವರೆಗೆ ಇರಬೇಕಾದವನು. ಬೆಳಿಗ್ಗೆ ಕಂಪನಿ ಕಾರು ಹತ್ತಿದರೆ ಸಂಜೆಯೇ ಬರುತ್ತಿದ್ದ. ಅವನ ಜೊತೆ ಬಂದವರು ತಾಯಿ ಜೋನ್. ಅರವತ್ತೈದು ದಾಟಿದ, ಅಗಲ ಭುಜದ, ಬೆಳ್ಳಗೆ ಕತ್ತರಿಸಿದ ಕೂದಲಿನ ಹೆಂಗಸು. ಅತ್ತೆಯ ಬಾಯಲ್ಲಿ ಎರಡೇ ದಿನಕ್ಕೆ ಜಾನವ್ವ ಆದರು.

ಮೊದಲ ವಾರ ಅತ್ತೆ, ಜೋನ್ ಇಬ್ಬರೂ ಒಬ್ಬರಿಗೊಬ್ಬರು ಒಗಟು. ತೆರೆದ ಬಾಗಿಲನ್ನೂ ಜೋನ್ ತಟ್ಟಿಯೇ ಒಳಗೆ ಬರುತ್ತಿದ್ದರು. ನೀರು ಕೊಟ್ಟರೆ ಥ್ಯಾಂಕ್ಯೂ, ಲೋಟ ಇಸಕೊಂಡರೆ ಥ್ಯಾಂಕ್ಯೂ. ಬೆಕ್ಕು ಕಾಲಿಗೆ ಅಡ್ಡ ಬಂದರೆ ಬೆಕ್ಕಿಗೂ ಸಾರಿ.

"ಏನ ಸುಮಾ, ಅಕಿ ದಿನಾ ಸಾರಿ ಸಾರಿ ಅಂತಾಳಲ್ಲ, ಏನ್ ತಪ್ಪ ಮಾಡ್ಯಾಳ ಪಾಪ?" ಎಂದು ಅತ್ತೆ ಖರೇನೇ ಮರುಕದಿಂದ ಕೇಳಿದರು.

ಆ ಕಡೆ ಜೋನ್‌ಗೂ ಒಂದು ನೋವಾಯಿತು. ಊರಿಂದ ತಂದ ಉಣ್ಣೆಯ ಶಾಲನ್ನು ಅತ್ತೆಗೆ ಕೊಟ್ಟರು. ಅತ್ತೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಮಡಚಿ, ಟ್ರಂಕಿನಲ್ಲಿಟ್ಟು, ಒಂದು ಮಾತೂ ಆಡದೆ ಅಡಿಗೆಮನೆಗೆ ಹೋದರು. ಜೋನ್ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದು, ನಾನೇನಾದರೂ ತಪ್ಪು ಮಾಡಿದೆನೇ ಎಂದು ಕೇಳಿದರು. ಇಲ್ಲ, ನಮ್ಮಲ್ಲಿ ಮನೆಯವರು ಮನೆಯವರಿಗೆ ಉಪಕಾರ ಆಯಿತು ಅನ್ನುವುದಿಲ್ಲ, ಹಾಗೆ ಅಂದುಬಿಟ್ಟರೆ ಪರಕೀಯರಾದಂತೆ ಎಂದೆ. ನಂಬಿದರೋ ಇಲ್ಲವೋ. ಮರುದಿನ ಮುಂಜಾನೆ ಮಾಳಿಗೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹೋಯಿತು. ಅದರ ಮರುದಿನವೂ ಹೋಯಿತು. ಮೂರನೆಯ ದಿನ ಜೋನ್ ತಾವೇ ಕೆಳಗಿಳಿದು ಬಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ತಿಂದರು. ಥ್ಯಾಂಕ್ಯೂ ಅನ್ನಲು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಂಡರು.

ಅವರ ಕಸುಬು ಏನಾಗಿತ್ತು ಎಂದು ಅತ್ತೆ ಕೇಳಿದಾಗ ನಾನು ಸ್ವಲ್ಪ ತಡವರಿಸಿದೆ. ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಜೋನ್ ಮದುವೆಯಾದಂದಿನಿಂದ ಪಬ್ ನಡೆಸಿದವರು. ಅದರ ಹೆಸರು 'ಹಸಿರು ನೇಗಿಲು'. ಕೊರೋನಾ ಕಾಲದಲ್ಲಿ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಪಬ್ ಎನ್ನುವುದನ್ನು ಅತ್ತೆಗೆ ಯಾವ ಶಬ್ದದಲ್ಲಿ ಹೇಳಬೇಕು? ಬಾರು ಅಂದರೆ ನಮ್ಮ ಊರಿನ ಕತ್ತಲೆ ಕೋಣೆ, ಕೆಂಪು ದೀಪ, ಗಂಡಸರು ಮಾತ್ರ. ಜೋನ್ ವರ್ಣಿಸುತ್ತಿದ್ದುದು ಅದಲ್ಲ. ಅಲ್ಲಿ ಮುದುಕಿಯರು ಬಂದು ಹೆಣಿಗೆ ಹಾಕುತ್ತಿದ್ದರು, ಭಾನುವಾರ ಮಕ್ಕಳು ಮರಿ ಸಮೇತ ಊಟಕ್ಕೆ ಬರುತ್ತಿದ್ದರು, ಒಲೆಯ ಮುಂದೆ ನಾಯಿಗಳು ಮಲಗುತ್ತಿದ್ದವು. ಖಾನಾವಳಿ ಅಂದೆ.

ಅತ್ತೆಯ ಕಣ್ಣು ಅರಳಿದವು. ಅವರ ತವರಿನವರದು ಹುಬ್ಬಳ್ಳಿ ಪೇಟೆಯಲ್ಲಿ ರೊಟ್ಟಿ ಖಾನಾವಳಿ. ಅತ್ತೆ ಲಗ್ನಕ್ಕೆ ಮೊದಲು ಅಲ್ಲಿಯೇ ರೊಟ್ಟಿ ಬಡಿದು ಬೆಳೆದವರು.

"ನೇಗಿಲಾ? ಹಂಗಾರ ಒಕ್ಕಲುತನದವರ ಖಾನಾವಳಿ ಅನ್ನು," ಎಂದು ತಾವೇ ಅರ್ಥ ಮಾಡಿಕೊಂಡು, ಅಂದಿನಿಂದ ಜೋನ್ ಅವರನ್ನು ತಮ್ಮ ಕಸುಬಿನವಳೆಂದೇ ನಡೆಸಿಕೊಂಡರು. ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೂ ಹಿಟ್ಟು ನಾದುವ ಹದ, ಗಿರಾಕಿ ಹೆಚ್ಚಾದ ದಿನದ ಧಾವಂತ, ಕಾಲಿನ ಉಬ್ಬಿದ ನರ, ಎಲ್ಲವನ್ನೂ ಕೈಸನ್ನೆಯಲ್ಲಿ ಮಾತಾಡಿಕೊಂಡರು.

ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಒಂದು ಮಧ್ಯಾಹ್ನ ರೇಣುಕಾ ಬಂದಳು. ಹುಬ್ಬಳ್ಳಿಯ ಬೆಂಗೇರಿಯ ಹುಡುಗಿ. ಅವಳ ಅಪ್ಪ ಬಸಣ್ಣ ಅಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ನನ್ನಲ್ಲಿ ಪಾಠಕ್ಕೆ ಬಂದು, ಪರೀಕ್ಷೆ ಪಾಸಾಗಿ, ಅದರ ಹಿಂದಿನ ವರ್ಷದ ಕೊನೆಗೆ ಇಂಗ್ಲೆಂಡಿಗೆ ಹೋಗಿದ್ದಳು. ಈಗ ಸಂಬಳವಿಲ್ಲದ ದೀರ್ಘ ರಜೆಯ ಮೇಲೆ ಬಂದಿದ್ದಳು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

"ಅಕ್ಕೋರ, ನಾ ಹೊಳ್ಳಿ ಹೋಗಂಗಿಲ್ರಿ."

ಯಾಕೆ ಎಂದೆ. ಥಂಡಿ ಅಂದಳು. ಊಟ ಒಗ್ಗುವುದಿಲ್ಲ ಅಂದಳು. ಇಂಗ್ಲಿಷ್ ಇನ್ನೂ ಸುಧಾರಿಸಬೇಕು ಅಂದಳು. ಅವಳ ಇಂಗ್ಲಿಷ್‌ಗೆ ಏನೂ ಆಗಿರಲಿಲ್ಲ. ಆ ಹೊತ್ತಿಗೆ ಜೋನ್ ಒಣಹಾಕಿದ ಬಟ್ಟೆ ತೆಗೆಯಲು ಕೆಳಗೆ ಬಂದಿದ್ದರು. ತಮ್ಮ ದೇಶದ ಮಾತೆಂದು ನನ್ನಿಂದ ತಿಳಿದು, ಬಟ್ಟೆಯ ಗಂಟು ಮಡಿಲಲ್ಲಿ ಹಿಡಿದುಕೊಂಡೇ ಬಂದು ಕೂತು ಒಂದೇ ಪ್ರಶ್ನೆ ಕೇಳಿದರು. ಕೆಲಸ ಮುಗಿದ ಮೇಲೆ ಜೊತೆಯವರು ಎಲ್ಲಿಗೆ ಹೋಗುತ್ತಿದ್ದರು?

ರೇಣುಕಾ ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದಳು. ಅರ್ಧಕ್ಕೇ ಅದನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಪಬ್ಬಿಗೆ ಹೋಗ್ತಿದ್ರರಿ, ಪ್ರತಿ ಶುಕ್ರವಾರ. ಮೊದಲಿಗೆ ನನ್ನನ್ನೂ ಕರೀತಿದ್ರು. ಬ್ಯಾಡ ಅಂದೆ. ನಮ್ಮ ಮನ್ಯಾಗ ಕುಡಿಯೂದು ಅಂದ್ರ ಹೆಸರೂ ಎತ್ತಂಗಿಲ್ಲ, ನಿಮಗ ಗೊತ್ತದಲ್ರಿ. ಒಮ್ಮೆ ಮಾತ್ರ ಹೋದೆ. ಏನ್ ತಗೋತಿ ಅಂತ ಒಬ್ಬಾಕಿ ಕೇಳಿದ್ಳು. ಏನೂ ಬ್ಯಾಡ ಅಂದೆ. ಇನ್ನೊಮ್ಮೆ ಕೇಳ್ತಾಳ, ಆಗ ಸೋಡಾ ಹೇಳೂಣು ಅಂತ ಕುಂತೆ. ಕೇಳಲೇ ಇಲ್ರಿ! ಎಲ್ಲಾರ ಕೈಯಾಗೂ ಗ್ಲಾಸು, ನನ್ನ ಕೈ ಖಾಲಿ. ಅವರು ನಗೂದು ನೋಡ್ಕೋತ ಹಂಗ ಕುಂತಿದ್ದೆ. ಆ ಮ್ಯಾಲ ಕರಿಯೂದೂ ಬಿಟ್ರು."

ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಜೋನ್ ಕಣ್ಣು ಮುಚ್ಚಿ ಕೇಳಿದರು.

ರೇಣುಕಾ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. "ಒಬ್ಬ ಅಜ್ಜ ಇದ್ದ್ರಿ ವಾರ್ಡಿನಾಗ. ನನ್ನ ಕೈಲೇನ ಉಣ್ಣಾಂವ. ತೀರ್ಕೊಂಡ. ಅವತ್ತ ಎಲ್ಲಾರೂ ಪಬ್ಬಿಗೆ ಹೋಗಿ ಅಂವನ ಹೆಸರಿಲೆ ಗ್ಲಾಸ್ ಎತ್ತಿದ್ರಂತ. ನನ್ನ ಕರೀಲಿಲ್ಲ. ನಾ ಬಟ್ಟಿ ಇಡೂ ಕೋಣ್ಯಾಗ ಕುಂತು ಒಬ್ಬಾಕೇ ಅತ್ತೆ. ನಾ ಇಷ್ಟು ಬ್ಯಾಡಾದ ಜಾಗಾಕ್ಕ ಯಾಕ ಹೋಗಬೇಕ್ರಿ?"

ಜೋನ್ ಬಟ್ಟೆಯ ಗಂಟನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: ನೀನು ಬೇಡ ಅಂದಾಗ ಅವರು ಅದನ್ನು ನಂಬಿದರು, ಮಗಳೇ. ನಮ್ಮಲ್ಲಿ ಬೇಡ ಅಂದವರನ್ನು ಮತ್ತೆ ಒತ್ತಾಯಿಸುವುದು ಸೊಕ್ಕು. ಒಮ್ಮೆ ಕೇಳಿ ಸುಮ್ಮನಾಗುವುದೇ ಮರ್ಯಾದೆ. ಅವರು ನಿನ್ನನ್ನು ಬಿಟ್ಟದ್ದಲ್ಲ. ನಿನಗೆ ತೊಂದರೆ ಕೊಡಬಾರದು ಅಂದುಕೊಂಡರು.

ಆಗಷ್ಟೇ ಬಾಗಿಲಿಗೆ ಬಂದು ಜೋನ್ ಮಾತನ್ನಷ್ಟೇ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡ ಅತ್ತೆಗೆ ಸಿಟ್ಟೇ ಬಂತು. "ಒಂದ ಸಲ ಕೇಳಿ ಬಿಡೂದು ಎಂಥಾ ಮರ್ಯಾದಿ? ಮೂರು ಸಲ ಕೇಳದ ಯಾರು ಉಂಡಾರು? ಜಾನವ್ವ ಖಾನಾವಳಿ ಹೆಂಗ ನಡಿಸಿದ್ಳೋ ಏನೋ!"

ಮರುದಿನದಿಂದ ನನ್ನ ಪಾಠದ ಕೊನೆಯ ಅರ್ಧ ತಾಸು ಜೋನ್ ಅವರದಾಯಿತು. ಊಟದ ಮೇಜನ್ನು ಕೋಣೆಗೆ ಅಡ್ಡ ಎಳೆದು ಅದರ ಹಿಂದೆ ಅವರು ನಿಂತರು. ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ಅವರ ಕೈಗೆ ಬೇರೆಯೇ ಜೀವ ಬಂದಿತ್ತು. ಸ್ಟೀಲ್ ಲೋಟಗಳು, ಒಂದು ಕೊಡದಲ್ಲಿ ಲಿಂಬು ಶರಬತ್ತು, ಎದುರಿಗೆ ರೇಣುಕಾ ಮತ್ತು ಉಳಿದ ನರ್ಸ್ ಹುಡುಗಿಯರು.

ಅಲ್ಲಿ ಸರದಿಯ ಪಾಳಿ ಇದೆ, ಆದರೆ ಕಣ್ಣಿಗೆ ಕಾಣುವುದಿಲ್ಲ ಎಂದು ಶುರುಮಾಡಿದರು. ಗಿರಾಕಿಗಳು ಅಡ್ಡಾದಿಡ್ಡಿ ನಿಂತಿರುತ್ತಾರೆ. ಯಾರು ಮೊದಲು ಬಂದರು ಎನ್ನುವುದು ಎಲ್ಲರ ತಲೆಯಲ್ಲೂ ಇರುತ್ತದೆ. ಕೂಗಬಾರದು, ಬೆರಳು ಚಿಟಿಕೆ ಹಾಕಬಾರದು, ನೋಟು ಅಲ್ಲಾಡಿಸಬಾರದು. ಕಣ್ಣಿಗೆ ಕಣ್ಣು ಸೇರಿಸಿ ಒಂದಿಷ್ಟು ತಲೆಯಾಡಿಸಿದರೆ ಸಾಕು. ನಿನಗಿಂತ ಮೊದಲು ಬಂದವನನ್ನು ಬಿಟ್ಟು ನಿನ್ನನ್ನು ಕೇಳಿದರೆ, ಅವರದು ಮೊದಲು ಅನ್ನಬೇಕು. ಆ ಒಂದು ಮಾತಿಗೆ ಇಡೀ ಅಂಗಡಿ ನಿನ್ನನ್ನು ಒಳ್ಳೆಯವಳು ಎಂದುಕೊಳ್ಳುತ್ತದೆ.

ವಾರದ ಹಿಂದಷ್ಟೇ ಪೇಢೆ ಅಂಗಡಿಯಲ್ಲಿ ತಮ್ಮ ಪಾಳಿಗಾಗಿ ಕಾಯುತ್ತ, ಊರಿನವರೆಲ್ಲ ಭುಜದ ಮೇಲಿಂದ ಕೈಚಾಚಿ ಪೇಢೆ ಒಯ್ಯುವುದನ್ನು ನೋಡಿ ಬರಿಗೈಲಿ ಬಂದ ಹೆಂಗಸು ಇದನ್ನು ಹೇಳುತ್ತಿದ್ದರೆ ನನಗೆ ನಗು ತಡೆಯಲಾಗಲಿಲ್ಲ.

ಹೇಗಿದ್ದೀಯ ಎಂದು ಅಲ್ಲಿ ಕೇಳಿದರೆ ಅದು ಪ್ರಶ್ನೆಯಲ್ಲ, ಬರೀ ನಮಸ್ಕಾರ ಎಂದೂ ಹೇಳಿಕೊಟ್ಟರು. "ಅಯ್ಯ ದೇವರ! ನಾ ದಿನಾ ತಲಿನೋವಿಂದು, ನಿದ್ದಿ ಬರದ್ದು, ಎಲ್ಲಾ ಹೇಳ್ತಿದ್ನೆಲ್ಲರಿ," ಎಂದು ರೇಣುಕಾ ಬಾಯಿ ಮುಚ್ಚಿಕೊಂಡಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಿನ್ನನ್ನು ಚೇಷ್ಟೆ ಮಾಡಿದರೆ ಹೆದರಬೇಡ, ಹಿಡಿಸದವರನ್ನು ನಾವು ಬಹಳ ಮರ್ಯಾದೆಯಿಂದ ಮಾತಾಡಿಸುತ್ತೇವೆ ಎಂದರು ಜೋನ್. ಮಳೆಯ ಬಗ್ಗೆ ಯಾರಾದರೂ ಮಾತು ತೆಗೆದರೆ ಅದು ಮಳೆಯ ಬಗ್ಗೆ ಅಲ್ಲ, ಪಕ್ಕದಲ್ಲಿ ಕೂರಲೇ ಎಂದು ಕೇಳಿದ ಹಾಗೆ ಎಂದರು.

ಎಲ್ಲಕ್ಕಿಂತ ಮುಖ್ಯವಾದದ್ದು ಅವರು 'ರೌಂಡ್' ಅನ್ನುತ್ತಿದ್ದ ಪದ್ಧತಿ. ನಾನು ಅದಕ್ಕೂ ಪಾಳಿ ಎಂದೇ ಹೇಳಿದೆ. ಗುಂಪಿನಲ್ಲಿ ಒಬ್ಬರು ಎದ್ದು ಎಲ್ಲರಿಗೂ ತರುತ್ತಾರೆ, ಮುಂದಿನ ಸಲ ಇನ್ನೊಬ್ಬರು. ಯಾರ ಪಾಳಿ ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನೀನು ಕುಡಿಯುವುದು ಬರೀ ಲಿಂಬು ಸೋಡಾ ಆಗಿರಲಿ, ಯಾರೂ ಹುಬ್ಬು ಏರಿಸುವುದಿಲ್ಲ. ಆದರೆ ಒಮ್ಮೆ ಎದ್ದು "ಈ ಸಲ ನನ್ನ ಪಾಳಿ" ಎಂದು ನೋಡು. ಆ ಮಾತು ಅಂದವಳು ಆಮೇಲೆ ಹೊರಗಿನವಳಲ್ಲ.

ಅಂಗಡಿ ಮುಚ್ಚುವ ಮುನ್ನ ಗಂಟೆ ಹೊಡೆಯುವುದನ್ನು ತೋರಿಸಲು ಜೋನ್ ದೇವರ ಮನೆಯಿಂದ ಗಂಟೆ ತಂದು ಬಾರಿಸಿದರು. ಅತ್ತೆ ಓಡಿಬಂದರು. "ಯವ್ವಾ! ಪೂಜಿ ಗಂಟಿ ಅದು! ತಾ ಇಲ್ಲೆ!" ಎಂದು ಕಸಿದುಕೊಂಡು, ಬದಲಿಗೆ ಒಂದು ತಾಟು, ಸೌಟು ಕೊಟ್ಟರು. ಕೊಟ್ಟವರು ಹೋಗದೆ ಅಲ್ಲೇ ಕೂತರು. ಎರಡು ದಿನದಲ್ಲಿ ಮೇಜಿನ ಹಿಂದೆ ಅತ್ತೆಯೇ ನಿಂತಿದ್ದರು. ಹುಡುಗಿಯರು ಇಂಗ್ಲಿಷಿನಲ್ಲಿ ಒಂದು ಸೋಡಾ ಕೇಳಿದರೆ, "ಬರೇ ಸೋಡಾ ಏನ ಕುಡೀತಿ, ಮಂಡಕ್ಕಿ ತಿನ್ನು," ಎಂದು ಗಿರ್ಮಿಟ್ ಬಡಿಸುತ್ತಿದ್ದರು.

ಹೀಗೆ ನಗುನಗುತ್ತ ನಡೆದಿದ್ದ ಪಾಠಕ್ಕೆ ಆಗಸ್ಟ್ ತಿಂಗಳಲ್ಲಿ ಒಂದು ದಿನ ಬಸಣ್ಣ ಬಂದರು. ಹಣೆಯ ತುಂಬ ವಿಭೂತಿ, ಹುಬ್ಬಿನ ಮೇಲೆ ಇನ್ನೂ ಗಿರಣಿಯ ಹಿಟ್ಟು. ಹಿಂದೆ ರೇಣುಕಾ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಉಳಿದ ಹುಡುಗಿಯರು ಆಗಷ್ಟೇ ಹೋಗಿದ್ದರು. ಮೇಜು ಇನ್ನೂ ಅಡ್ಡ ಇತ್ತು.

"ಅಕ್ಕೋರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಮ್ಯಾಲ ನಂಬಿಗಿ ಇಟ್ಟು ಮಗಳನ್ನ ಕಳಿಸೇನಿ. ಇಲ್ಲೆ ಬಾರಿಗೆ ಹೆಂಗ ಹೋಗಬೇಕು ಅಂತ ಕಲಸಾಕತ್ತೀರಂತಲ್ಲ, ಖರೇ ಏನ್ರಿ?"

ಬಾರು ಎನ್ನುವ ಶಬ್ದ ಅತ್ತೆಯ ಕಿವಿಗೆ ಬಿತ್ತು. ಲೋಟ ಒರೆಸುತ್ತಿದ್ದ ಕೈ ನಿಂತಿತು. "ಸುಮಾ, ಜಾನವ್ವ ತನ್ನ ಅಂಗಡ್ಯಾಗ ಕುಡಿಯಾಕ ಮಾರ್ತಿದ್ಳೇನು?"

"ಹೌದ್ರಿ ಅತ್ತಿ. ಊಟಾನೂ ಇತ್ತು, ಕುಡಿಯಾಕೂ ಇತ್ತು."

ಜೋನ್ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು. ಮಾತು ಅರ್ಥವಾಗದಿದ್ದರೂ ವಿಷಯ ತಮ್ಮದೇ ಎಂದು ತಿಳಿದಿತ್ತು. ಅತ್ತೆ ಅವರನ್ನೇ ದಿಟ್ಟಿಸಿ, "ಕೇಳು ಅಕಿನ್ನ. ಯಾವನರ ಹೆಚ್ಚ ಕುಡದ್ರ ಏನ ಮಾಡ್ತಿದ್ಳಂತ ಕೇಳು," ಎಂದರು.

ಕೇಳಿದೆ. ಕೊಡುವುದನ್ನು ನಿಲ್ಲಿಸುತ್ತಿದ್ದೆ, ಗಾಡಿಯ ಕೀಲಿ ಇಸಕೊಳ್ಳುತ್ತಿದ್ದೆ, ಯಾರನ್ನಾದರೂ ಜೊತೆಗೆ ಕೊಟ್ಟು ಮನೆ ಮುಟ್ಟಿಸುತ್ತಿದ್ದೆ, ಮರುದಿನ ಹೋಗಿ ಬೈದು ಬರುತ್ತಿದ್ದೆ ಎಂದರು ಜೋನ್. ಅತ್ತೆ ಒಂದು ಗಳಿಗೆ ಯೋಚಿಸಿ ಬಸಣ್ಣನ ಕಡೆ ತಿರುಗಿದರು. "ನೋಡು ತಮ್ಮಾ, ಕುಡಿಯೂದು ಬ್ಯಾರೆ, ಕೂಡೂದು ಬ್ಯಾರೆ. ನಿನ್ನ ಮಗಳು ಕೂಡಾಕ ಹೊಂಟಾಳ."

ಬಸಣ್ಣ ಜೋರು ಮಾಡಲಿಲ್ಲ. ಅವರ ದನಿ ಇನ್ನಷ್ಟು ಇಳಿಯಿತು. "ಯವ್ವಾ, ನನ್ನ ತಮ್ಮಗೂ ಅದು ಗೊತ್ತಿತ್ತು. ದೋಸ್ತರ ಕೂಡ ಕುಂಡ್ರಾಕ ಅಂತನ ಹೋಗಾಕತ್ತಿದ್ದ. ಛಲೋ ಹಾಡಾಂವ. ಕಡೀಕ ಗಟಾರದಾಗಿಂದ ಹೆಗಲ ಮ್ಯಾಲ ಹೊತ್ಕೊಂಡ ಬರಾಂವ ನಾನ ಆದೆ. ಹೊತ್ತು ಹೊತ್ತು, ಒಂದಿನ ಸುಡುಗಾಡಿಗೂ ಹೊತ್ತೆ."

ಹೊರಗೆ ಮಳೆ ಹಂಚಿನಿಂದ ಸುರಿಯುತ್ತಿತ್ತು. ನಾನು ಅಷ್ಟನ್ನೂ ಜೋನ್‌ಗೆ ಹೇಳಿದೆ. ಅವರು ಮೇಜಿನ ಹಿಂದಿನಿಂದ ಈಚೆ ಬಂದು ಬಸಣ್ಣನ ಎದುರಿನ ಕುರ್ಚಿಯಲ್ಲಿ ಕೂತರು. ನನ್ನ ಗಂಡನೂ ಹಾಗೆಯೇ ಸತ್ತ ಎಂದರು. ಆಮೇಲೆ ನಾನು ಒಂದು ತೊಟ್ಟೂ ಮುಟ್ಟಲಿಲ್ಲ. ಅಂಗಡಿ ನಡೆಸಿದೆ, ಕುಡಿದದ್ದು ಲಿಂಬು ಸೋಡಾ.

"ಹಂಗಾರ ಯಾಕ ನಡಸಿದ್ರಿ?" ಬಸಣ್ಣನ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ.

ಬಾಗಿಲು ಹಾಕಿದರೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಕೂತು ಕುಡಿಯುತ್ತಾರೆ, ನನ್ನೆದುರು ಕೂತರೆ ಕೈ ಹಿಡಿಯಬಹುದು ಅಂದುಕೊಂಡೆ ಎಂದರು ಜೋನ್. ಕೆಲವರನ್ನು ಹಿಡಿದೆ. ಗಂಡನನ್ನು ಹಿಡಿಯಲಾಗಲಿಲ್ಲ.

"ಇದು ನನಗ ಒಪ್ಪಿಗಿ ಇಲ್ರಿ," ಎಂದರು ಬಸಣ್ಣ. "ಆದ್ರ ನಿಮ್ಮ ದುಃಖ ತಿಳೀತು."

ಆಗ ರೇಣುಕಾ ಮೊದಲ ಸಲ ತಲೆ ಎತ್ತಿದಳು. "ಅಪ್ಪಾ, ಕಾಕಾ ಕುಡದು ಹಾಳಾದ. ನಾ ಅಲ್ಲೆ ಮಾತಿಲ್ದ ಹಾಳಾಗಾಕತ್ತಿದ್ದೆ. ಅಲ್ಲೆ ಇದ್ದಷ್ಟು ದಿನ ಯಾರ ಕೂಡನೂ ನಕ್ಕಿಲ್ಲ ನಾ. ನಿನಗ ಫೋನಿನಾಗ ಆರಾಮ ಅದೇನಿ ಅಂತಿದ್ದೆ. ಇರಲಿಲ್ಲ."

ಬಸಣ್ಣ ಮಗಳನ್ನು ನೋಡಿದರು. ಅವರಿಗೆ ಇದು ಹೊಸದು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವ ನೆವದಲ್ಲಿ ಬಹಳ ಹೊತ್ತು ಮುಖ ಮುಚ್ಚಿಕೊಂಡೇ ಇದ್ದರು. ಆಮೇಲೆ ಗಿರಣಿಯವರಿಗೆ ಇರುವ ನೇರ ಬುದ್ಧಿಯಿಂದ ಸರಿಯಾದ ಜಾಗಕ್ಕೇ ಕೈ ಹಾಕಿದರು. "ನೀ ಸೋಡಾ ಕುಡೀತಿ, ಖರೆ. ನಿನ್ನ ಪಾಳಿ ಬಂದಾಗ ಉಳಿದವರಿಗೆ ಆ ಹೆಂಡಾ ನೀನ ತಂದು ಕೊಡಬೇಕಲ್ಲ?"

"ಬುತ್ತಿ ಒಯ್ಯಿ. ರೊಟ್ಟಿ ಚಟ್ನಿ ಹಂಚು," ಎಂದರು ಅತ್ತೆ. ಹೊರಗಿನ ತಿಂಡಿ ಪಬ್ಬಿನವರು ಒಳಗೆ ಬಿಡುವುದಿಲ್ಲ ಎಂದು ಜೋನ್ ನಕ್ಕರು. ಆದರೆ ಅಲ್ಲಿಯೇ ಕರಿದ ಆಲೂಗಡ್ಡೆ ಸಿಗುತ್ತದೆ, ದೊಡ್ಡ ಬಟ್ಟಲಲ್ಲಿ. ನಿನ್ನ ಪಾಳಿಗೆ ನೀನು ತಿನ್ನಲು ತಂದಿಡು. ಕಾರಣ ಕೇಳಿದರೆ ನಿನ್ನ ಕಾಕಾನ ಕತೆ ಹೇಳು. ಅಂಥ ಒಬ್ಬ ಕಾಕಾ ಅವರ ಮನೆಗಳಲ್ಲೂ ಇರುತ್ತಾನೆ.

ಬಸಣ್ಣ ಎದ್ದರು. ಜೋನ್ ಒಳಗೆ ಹೋಗಿ ಚಹಾ ತಂದು ಕನ್ನಡದಲ್ಲೇ ಅಂದರು: "ಚಹಾ ತಗೋರಿ."

"ಬ್ಯಾಡ್ರಿ, ಈಗ ಆಗೇತಿ."

ಅವರ ದೇಶದ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಬೇಕಿತ್ತು. ಜೋನ್ ಕಪ್ಪು ಹಿಡಿದೇ ನಿಂತರು. "ತಗೋರಿ." ಬಸಣ್ಣ ಬ್ಯಾಡ ಎಂದು ಕೈ ಆಡಿಸಿದರು. "ತಗೋರಿ, ಬಸಣ್ಣಾರ." ಈ ಸಲ ಬಸಣ್ಣ ಕೂತು ಕಪ್ಪು ಇಸಕೊಂಡರು. ಅತ್ತೆ ಸೆರಗಿನ ಹಿಂದೆ ನಗುತ್ತಿದ್ದರು.

ಸೆಪ್ಟೆಂಬರಿನಲ್ಲಿ ರೇಣುಕಾ ಹೊರಟಳು. ಅತ್ತೆ ಕಡಕ್ ರೊಟ್ಟಿ ಕಟ್ಟಿಕೊಟ್ಟರು. ಜೋನ್ ಏನೂ ಕೊಡಲಿಲ್ಲ, ಅವಳ ಕೊರಳಪಟ್ಟಿ ಸರಿಮಾಡಿ ಭುಜ ತಟ್ಟಿದರು, ಅಷ್ಟೇ. ಆಮೇಲಿನ ದಿನಗಳಲ್ಲಿ ಅವರು ಶುಕ್ರವಾರ ಬಂದರೆ ಚಡಪಡಿಸುತ್ತಿದ್ದರು. ಮೂರು ಶುಕ್ರವಾರ ಏನೂ ಸುದ್ದಿ ಬರಲಿಲ್ಲ. ನಾಲ್ಕನೆಯದರ ಮರುದಿನ ಮುಂಜಾನೆ ಫೋನು ಬಂತು. ಮೂವರೂ ಅಡಿಗೆಮನೆಯಲ್ಲಿದ್ದೆವು.

"ಅಕ್ಕೋರ, ಅವರು ಕರೀತಾರಂತ ಕಾದೆರಿ, ಕರೀಲಿಲ್ಲ. ನಿನ್ನೆ ನಾನ ಕೇಳಿದೆ, ನಾನೂ ಬರಲೇನು ಅಂತ. ಎಲ್ಲಾರೂ ಮಾರಿ ಮಾರಿ ನೋಡ್ಕೊಂಡ್ರು. ಆಮ್ಯಾಲ ನಮ್ಮ ಹೆಡ್ ಸಿಸ್ಟರ್, ಭಾಳ ಗಂಟುಮಾರಿ ಅಂತ ಹೇಳಿದ್ನೆಲ್ಲ, ಅಕೀನ ಬಂದು ನನ್ನ ಕೈ ಹಿಡಕೊಂಡ್ಳು. ನಿನಗ ನಾವು ಸೇರಂಗಿಲ್ಲ ಅಂತ ತಿಳದಿದ್ವಿ ಅಂದ್ಳರಿ. ಅವರೂ ನನ್ನಂಗ ಅಂಜಿದ್ರರಿ, ಅಕ್ಕೋರ!"

ಆಲೂಗಡ್ಡೆಯ ಎರಡು ಬಟ್ಟಲು ತರಿಸಿ, ಈ ಸಲ ನನ್ನ ಪಾಳಿ ಅಂದಳಂತೆ. ಕಾಕಾನ ಮಾತು ಹೇಳಿದಾಗ ಒಬ್ಬಳು ತನ್ನ ಅಣ್ಣನ ಮಾತು ಹೇಳಿದಳಂತೆ. ನಾನು ಅಷ್ಟನ್ನೂ ಜೋನ್‌ಗೆ ತಿಳಿಸಿದೆ. ಅವರು ಕೇಳಿ, ಗೋಡೆಯ ಕಡೆ ಮುಖ ಮಾಡಿ ನಿಂತು ಅತ್ತರು. ಆ ವಾರವೇ 'ಹಸಿರು ನೇಗಿಲು' ಕಟ್ಟಡವನ್ನು ಒಡೆದು ಮನೆಗಳನ್ನಾಗಿ ಮಾಡುತ್ತಿದ್ದಾರೆಂದು ಅವರಿಗೆ ಸುದ್ದಿ ಬಂದಿತ್ತೆಂದು ಆಗ ಗೊತ್ತಾಯಿತು. ಅತ್ತೆ ಏನನ್ನೂ ಕೇಳದೆ ಒಲೆಯ ಮೇಲಿನ ರೊಟ್ಟಿಯನ್ನು ತೆಗೆದು, ಬೆಣ್ಣೆ ಇಟ್ಟು, ಅವರ ಕೈಗೆ ಕೊಟ್ಟರು.

ದಸರೆಯ ಹೊತ್ತಿಗೆ ಯಂತ್ರ ಓಡತೊಡಗಿತು. ಮಗನನ್ನು ಕಂಪನಿ ಬೇರೆ ದೇಶಕ್ಕೆ ಕಳಿಸುವುದೆಂದಾಯಿತು. ಜೋನ್ ತಮ್ಮ ಊರಿಗೆ ಮರಳಬೇಕು. ವಿಜಯದಶಮಿಯ ಸಂಜೆ ಅವರು ಅತ್ತೆಯ ಜೊತೆ ಓಣಿಯ ಮನೆಮನೆಗೂ ಹೋಗಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ತೊದಲುತ್ತ ಬನ್ನಿ ಎಲೆ ಕೊಟ್ಟು ಬಂದರು. ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ.

ಮರಳಿ ಬಂದು ಕಟ್ಟೆಯ ಮೇಲೆ ಕೂತಾಗ, ಊರಿನಲ್ಲಿ ಸಂಜೆ ಎಲ್ಲಿಗೆ ಹೋಗುತ್ತೀರಿ ಎಂದು ಸುಮ್ಮನೆ ಕೇಳಿದೆ. ಊರಿನಲ್ಲಿ ಇನ್ನೊಂದು ಪಬ್ ಇದೆ ಎಂದರು. ಹೋಗಿಲ್ಲ. ಹೋಗಲು ನನಗೆ ಧೈರ್ಯವಿಲ್ಲ. ಒಬ್ಬಂಟಿ ಹೆಂಗಸು ಬಾಗಿಲು ದೂಡಿ ಒಳಗೆ ಬಂದರೆ ಎಲ್ಲರೂ ಒಮ್ಮೆ ತಿರುಗಿ ನೋ‌ಡುತ್ತಾರೆ. ಆಯುಷ್ಯವೆಲ್ಲ ನಾನು ಅದನ್ನು ಮೇಜಿನ ಆಚೆಯಿಂದ ನೋಡಿದೆ, ಈಚೆಯಿಂದ ಒಮ್ಮೆಯೂ ಒಳಗೆ ಹೋದವಳಲ್ಲ. ಹುಡುಗಿಗೆ ಹೇಳಿಕೊಡುವುದು ಸುಲಭವಿತ್ತು.

ಎರಡು ದಿನದ ಮೇಲೆ ಅವರು ಹೊರಟರು. ಕಾರಿನ ಬಾಗಿಲಲ್ಲಿ ಅತ್ತೆಯ ಎರಡೂ ಕೈ ಹಿಡಿದುಕೊಂಡು ನಿಂತರು. ಮಾಳಿಗೆ ಒಂದು ತಿಂಗಳು ಖಾಲಿ ಇತ್ತು. ಬಾಡಿಗೆಗೆ ಕೇಳಲು ಬಂದವರನ್ನು ಅತ್ತೆ ಏನಾದರೊಂದು ನೆವ ಹೇಳಿ ಕಳಿಸುತ್ತಿದ್ದರು.

ನಾನು ಜೋನ್ ಹೇಳಿದ ಮಾತನ್ನು ರೇಣುಕಾಳಿಗೆ ತಿಳಿಸಿದೆ. ಅವಳಿಂದ ಬಹಳ ದಿನ ಉತ್ತರವಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅತ್ತೆ ಊಟಕ್ಕೆ ಕೂತಾಗ ಫೋನು ಬಂತು.

ರೇಣುಕಾ ರಜೆ ಹಾಕಿ, ರೈಲು ಬದಲಿಸಿ, ಜೋನ್ ಅವರ ಊರಿಗೆ ಹೋಗಿದ್ದಳು. ಹಿಮ ಬೀಳುತ್ತಿತ್ತಂತೆ. ಇಬ್ಬರೂ ಆ ಇನ್ನೊಂದು ಪಬ್ಬಿನ ತನಕ ನಡೆದು ಹೋದರಂತೆ. ಬಾಗಿಲಿಗೆ ಬಂದು ಜೋನ್ ನಿಂತುಬಿಟ್ಟರಂತೆ.

"ಒಳಗ ಹೋಗೂಣೇನು ಅಂತ ಕೇಳಿದೆರಿ ಅಕ್ಕೋರ. ಇವತ್ತ ಬ್ಯಾಡ ಅಂದ್ರು. ನಾ ಇನ್ನೊಮ್ಮೆ ಕೇಳಿದೆ. ಬ್ಯಾಡ ಅಂದ್ರು. ಮತ್ತ ಕೇಳಿದೆ. ಆಮ್ಯಾಲ ಬಾಗಲಾ ನಾನ ದೂಡಿದೆ, ಅವರನ್ನ ಮುಂದ ಮಾಡ್ಕೊಂಡು ಹೋದೆ. ಎಲ್ಲಾರೂ ತಿರುಗಿ ನೋಡಿದ್ರು. ಮೂಲ್ಯಾಗಿಂದ ಒಬ್ಬ ಅಜ್ಜ ಜೋನ್! ಅಂತ ಒದರಿದ, ಕುರ್ಚಿ ಎಳದ. ಅವರನ್ನ ಕುಂಡ್ರಿಸಿ ನಾನ ಮೇಜಿನ ಹಂತ್ಯಾಕ ಹೋಗಿ ಇಬ್ಬರಿಗೂ ಸೋಡಾ, ಆಲೂಗಡ್ಡಿ ತಂದೆ."

ಫೋನು ಇಟ್ಟು ನಾನು ಎಲ್ಲವನ್ನೂ ಅತ್ತೆಗೆ ಹೇಳಿದೆ. ಅವರು ತಾಟಿನಲ್ಲಿ ಕೈ ಹಾಗೇ ಇಟ್ಟುಕೊಂಡು ಕೇಳಿದರು.

"ಇಬ್ಬರೂ ಉಂಡ್ರಂತೇನು?"

"ಉಂಡ್ರಂತರಿ ಅತ್ತಿ."

"ಹಂಗಾರ ಛಲೋ ಆತು," ಎಂದು ರೊಟ್ಟಿ ಮುರಿದರು.